ಕರೆದರೆ ಬರಬಾರದ ಕಾಡು

ಬಹಳ ಬಹಳ ಹಿಂದೆ, ಬೆಟ್ಟಗಳು ನಿಲ್ಲಲು ಜಾಗ ಹುಡುಕುತ್ತಾ ಇನ್ನೂ ಅಲೆದಾಡುತ್ತಿದ್ದ ಕಾಲದಲ್ಲಿ, ಹೊನ್ನೇರಿ ಎಂಬ ಒಂದು ರಾಜ್ಯವಿತ್ತು. ರಾಜ್ಯ ಚಿಕ್ಕದು. ಅದರ ಮೂರು ಕಡೆಗೆ ಕಾಡು, ನಾಲ್ಕನೆಯ ಕಡೆಗೆ ನದಿ. ಆದ್ದರಿಂದ ಅಲ್ಲಿಯ ಜನ ಏನು ಬೇಕಾದರೂ ಕಾಡಿಗೇ ಹೋಗಬೇಕಾಗಿತ್ತು. ಸೌದೆಗೆ ಕಾಡು, ಜೇನಿಗೆ ಕಾಡು, ನೆಲ್ಲಿಕಾಯಿಗೆ ಕಾಡು. ನೆಂಟರ ಮನೆಗೆ ಹೋಗುವುದಿದ್ದರೂ ಕಾಡು ದಾಟಿಯೇ ಹೋಗಬೇಕು.

ಆ ಕಾಡಿನಲ್ಲಿ ಕೊರಳುಗಳ್ಳ ಎಂಬ ಮಾಯಾವಿ ಇದ್ದ. ಹೆಸರೇ ಹೇಳುವ ಹಾಗೆ ಅವನು ಕದಿಯುತ್ತಿದ್ದದ್ದು ಚಿನ್ನವನ್ನಲ್ಲ, ದನಿಯನ್ನು. ಅವನಿಗೆ ಮೈ ಇರಲಿಲ್ಲ. ಕಾಡಿನ ನಡುವೆ ಒಂದು ಟೊಳ್ಳು ಮರವಿತ್ತು; ಆ ಟೊಳ್ಳೇ ಅವನು. ಕಾಡಿನಲ್ಲಿ ಯಾರು ಗಟ್ಟಿಯಾಗಿ ಕೂಗಿದರೂ ಆ ಕೂಗು ಹೋಗಿ ಟೊಳ್ಳಿನೊಳಗೆ ಬೀಳುತ್ತಿತ್ತು. ಆಮೇಲೆ ಅವನು ಅದೇ ದನಿಯಲ್ಲಿ ಬೇರೆಯವರನ್ನು ಕರೆಯುತ್ತಿದ್ದ. "ಓ" ಎಂದವರು, ದನಿಯ ಹಿಂದೆ ಹೋದವರು ಅವನ ಪಾಲು. ದೊಡ್ಡವರಾದರೆ ಕೆಲವು ದಿನ ದಿಕ್ಕುಗೆಟ್ಟು ಅಲೆದು ಹೇಗೋ ಮನೆ ಸೇರುತ್ತಿದ್ದರು. ಮಕ್ಕಳಾದರೆ ಕಾಡುಪಾಪಗಳಾಗಿಬಿಡುತ್ತಿದ್ದರು. ಕಾಡುಪಾಪ ಅಂದರೆ ಮರದ ಮೇಲಿರುವ ಒಂದು ಪುಟ್ಟ ಪ್ರಾಣಿ. ಮುಖದ ತುಂಬ ಕಣ್ಣು, ಕಡ್ಡಿಯಂಥ ಕೈಕಾಲು, ಬಹಳ ನಿಧಾನದ ನಡಿಗೆ. ಅವು ಕೊಂಬೆ ಹಿಡಿದುಕೊಂಡು ಊರಿನ ಕಡೆಗೇ ನೋಡುತ್ತಾ ಕೂತಿರುತ್ತಿದ್ದವು. ಅವುಗಳ ತಾಯಂದಿರು ಮರದ ಕೆಳಗೆ ನಿಂತು ಅತ್ತರೆ ಕಣ್ಣರಳಿಸಿ ಕೆಳಗೆ ನೋಡುತ್ತಿದ್ದವು. ಅಳಲು ಅವಕ್ಕೆ ಕೊರಳಿರಲಿಲ್ಲ.

ಇನ್ನೊಂದು ಮಾತನ್ನೂ ಇಲ್ಲೇ ಹೇಳಿಬಿಡಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಕೊರಳುಗಳ್ಳ ಕರೆದಾಗ ಯಾರೂ ಓಗೊಡದಿದ್ದರೆ ಆ ದನಿ ಅವನನ್ನು ಬಿಟ್ಟು ಹೊರಟುಹೋಗುತ್ತಿತ್ತು. ಅದೇ ಮನುಷ್ಯ ಮತ್ತೆ ಕಾಡಿಗೆ ಬಂದು ಕೂಗುವ ತನಕ ಅದು ಅವನಿಗೆ ಸಿಗುತ್ತಿರಲಿಲ್ಲ.

ಕಾಡಿನ ಅಂಚಿನಲ್ಲಿ ದುಗ್ಗವ್ವ ಎಂಬ ಹೆಂಗಸು ಇದ್ದಳು. ಅವಳ ಗಂಡ ಬೈರ ಜೇನು ಕೀಳುವವನು. ಮಗಳು ತೊಟ್ಟಿಲಲ್ಲಿದ್ದಾಗಲೇ ಅವನು ಹೆಜ್ಜೇನಿನ ಬಂಡೆಯಿಂದ ಬಿದ್ದು ಸತ್ತುಹೋಗಿದ್ದ. ಕಾಡಿನ ವಿದ್ಯೆಯೆಲ್ಲ ದುಗ್ಗವ್ವನಿಗೆ ಗೊತ್ತಿತ್ತು. ಅದಕ್ಕೇ ರಾಜ ಅವಳನ್ನು ಕರೆಸಿ, "ನೋಡಮ್ಮ, ಕಾಡನ್ನು ಮುಚ್ಚಿಡುವುದಕ್ಕೆ ಆಗುವುದಿಲ್ಲ, ಮಕ್ಕಳನ್ನು ಕಟ್ಟಿಹಾಕುವುದಕ್ಕೂ ಆಗುವುದಿಲ್ಲ. ಕಾಡಿನಲ್ಲಿ ಬದುಕಿ ಬರುವುದನ್ನು ನೀನು ಅವರಿಗೆ ಕಲಿಸು" ಎಂದಿದ್ದ.

ದುಗ್ಗವ್ವನ ಮೊದಲನೆಯ ಶಿಷ್ಯೆ ಅವಳ ಮಗಳೇ. ಹೆಸರು ತುಂಬೆ, ವಯಸ್ಸು ಏಳು. ದುಗ್ಗವ್ವ ಅವಳಿಗೆ ಮೊಟ್ಟಮೊದಲು ಹೇಳಿಕೊಟ್ಟದ್ದು ಇಷ್ಟು: "ದಾರಿ ತಪ್ಪಿತು ಅನ್ನಿಸಿದರೆ ಒಂದು ಹೆಜ್ಜೆಯೂ ಮುಂದೆ ಇಡಬೇಡ. ಹತ್ತಿರದ ದೊಡ್ಡ ಮರ ತಬ್ಬಿಕೊಂಡು ಕೂತುಕೋ. ಯಾರು ಕರೆದರೂ ಓ ಅನ್ನಬೇಡ. ನಾನು ಬರ್ತೀನಿ."

ಅದೇ ವರ್ಷ ಮಳೆ ಶುರುವಾಗುವ ಮುಂಚೆ ಕಾರೆಹಣ್ಣು ಕೀಳಲು ಹೋದ ತುಂಬೆ ಹಿಂದಿರುಗಲಿಲ್ಲ.

ಆಮೇಲೆ ದುಗ್ಗವ್ವ ಪಾಠ ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಬೇರೆಯವರ ಮಕ್ಕಳೂ ಹೋಗುತ್ತಾರಲ್ಲ, ಅದಕ್ಕೆ. ಆದರೆ ಅಂದಿನಿಂದ ಮಕ್ಕಳನ್ನೆಲ್ಲ ಒಂದೇ ಕತ್ತಾಳೆ ಹಗ್ಗ ಹಿಡಿಸಿ ನಡೆಸುತ್ತಿದ್ದಳು. ಹೀಗಾಗಿ ಮತ್ತೆ ಯಾವ ಮಗುವೂ ಕಳೆದುಹೋಗಲಿಲ್ಲ. ಪಾಠ ಮುಗಿದ ಮೇಲೆ, ಸಂಜೆ, ಅವಳೊಬ್ಬಳೇ ಕಾಡಿನೊಳಕ್ಕೆ ಹೋಗಿ ಕೂಗುತ್ತಿದ್ದಳು.

"ತುಂಬೇ... ಬಾರೇ ಮಗಾ... ನಾನು ಕಣೇ, ನಿಮ್ಮವ್ವ..."

ತನ್ನ ದನಿ ಟೊಳ್ಳಿಗೆ ಬೀಳುತ್ತದೆಂದು ಅವಳಿಗೆ ಗೊತ್ತಿತ್ತು. ಕೂಗಬೇಡಿ ಎಂದು ಊರಿಗೆಲ್ಲ ಹೇಳಿದವಳೇ ಅವಳು. ಗೊತ್ತಿದ್ದೂ ಕೂಗುತ್ತಿದ್ದಳು. ಒಂದೊಂದು ಕಾಡುಪಾಪದ ಕಣ್ಣನ್ನೂ ನೋಡುತ್ತಿದ್ದಳು. ಯಾವುದೂ ತುಂಬೆಯ ಕಣ್ಣಲ್ಲ. ಹುಲಿ ಒಯ್ದಿರಬೇಕು ಎಂದು ಊರವರು ಅವಳ ಬೆನ್ನ ಹಿಂದೆ ಆಡಿಕೊಂಡರು. ಅವಳು ಮನೆಗೆ ಬಂದು ಎರಡು ಮುದ್ದೆ ಕಟ್ಟುತ್ತಿದ್ದಳು, ಒಂದು ದೊಡ್ಡದು, ಒಂದು ಚಿಕ್ಕದು. ಚಿಕ್ಕದನ್ನು ಬೆಳಿಗ್ಗೆ ನಾಯಿ ತಿನ್ನುತ್ತಿತ್ತು. ಹೀಗೆ ಮೂರು ವರ್ಷ ಕಳೆಯಿತು.

ಮೂರನೆಯ ಬೇಸಿಗೆಯಲ್ಲಿ ರಾಜ ತನ್ನ ಮಗಳು ಚಂದಲೆಯನ್ನೂ ಪಾಠಕ್ಕೆ ಕಳಿಸಿದ. ಚಂದಲೆಗೆ ಹತ್ತು ವರ್ಷ, ಬಾಯಿ ತುಂಬ ಪ್ರಶ್ನೆ. ಅವಳಿಗೆ ಜೊತೆ ಸಿಕ್ಕವನು ಸೌದೆಯವರ ಮನೆಯ ಮಾಚ. ಅವನಿಗೆ ಬಾಯಿ ತುಂಬ ಉತ್ತರ.

ಮೊದಲ ದಿನ ನೀರಿನ ಪಾಠ. ಒಣಗಿದ ಹಳ್ಳದಲ್ಲಿ ಎಲ್ಲಿ ಜೇನುನೊಣ ಇಳಿಯುತ್ತದೋ ಅಲ್ಲಿ ಮರಳು ತೋಡಬೇಕು, ಮೊಣಕೈ ಆಳಕ್ಕೆ ಒರತೆ ಸಿಗುತ್ತದೆ. ಮೊದಲು ಬರುವ ಕೆಸರುನೀರು ಚೆಲ್ಲಬೇಕು, ಆಮೇಲೆ ಬರುವ ತಿಳಿನೀರು ಕುಡಿಯಬೇಕು. ಚಂದಲೆ ಆತುರಕ್ಕೆ ಕೆಸರನ್ನೇ ಕುಡಿದಳು.

ಎರಡನೆಯ ದಿನ ಬೆಂಕಿಯ ಪಾಠ. ಚಕಮಕಿ ಕಲ್ಲು ಉಜ್ಜಿ ಬೂರುಗದ ಅರಳೆಗೆ ಕಿಡಿ ಬೀಳಿಸಬೇಕು. ಚಂದಲೆಯ ಬೆರಳು ಕೆಂಪಾಯಿತೇ ಹೊರತು ಅರಳೆ ಹೊತ್ತಲಿಲ್ಲ.

"ನಮ್ಮ ಅರಮನೆಯಲ್ಲಿ ಇದೆಲ್ಲ ಇಲ್ಲಪ್ಪ. ಒಲೆ ತಾನಾಗೇ ಉರಿಯತ್ತೆ" ಎಂದಳು.

"ತಾನಾಗೇ ಉರಿಯಲ್ಲ. ನಮ್ಮಜ್ಜಿ ಕೋಳಿ ಕೂಗೋ ಮುಂಚೆ ಬಂದು ಹಚ್ತಾಳೆ" ಎಂದ ಮಾಚ. "ನೀನು ಎದ್ದಿದ್ರೆ ತಾನೆ ಗೊತ್ತಾಗೋದು?"

ಮಕ್ಕಳೆಲ್ಲ ನಕ್ಕರು. ಚಂದಲೆಯೂ ನಕ್ಕಳು. ಸಂತೋಷ ತಡೆಯಲಾರದೆ ಮಾಚ "ಹೋ" ಎಂದು ಒಂದು ಕೇಕೆ ಹಾಕಿಯೇಬಿಟ್ಟ. ದುಗ್ಗವ್ವ ಅವನ ಕಿವಿ ಹಿಂಡಿದಳು. "ಹೋಯ್ತು ನೋಡು ನಿನ್ನ ದನಿ, ಅವನ ಟೊಳ್ಳಿಗೆ. ಇನ್ನು ಅವನು ನಿನ್ನ ಹಾಗೇ ಮಾತಾಡ್ತಾನೆ."

"ಆಡಲಿ ಬಿಡಕ್ಕ. ನಮ್ಮಜ್ಜಿ ಹತ್ರ ಬೈಸಿಕೊಳ್ಳೋಕೆ ಅವನೇ ಹೋಗಲಿ."

ಮೂರನೆಯ ದಿನ ದಾರಿ ತಪ್ಪುವ ಪಾಠ. ಮಕ್ಕಳು ಒಬ್ಬೊಬ್ಬರೂ ಒಂದೊಂದು ಮರ ತಬ್ಬಿ ಕೂತರು. ಕೊರಳುಗಳ್ಳ ಸುಮ್ಮನಿರಲಿಲ್ಲ. ಮಾಚನನ್ನು ಅಜ್ಜಿಯ ದನಿಯಲ್ಲಿ ಕರೆದ, ಚಂದಲೆಯನ್ನು ರಾಜನ ದನಿಯಲ್ಲಿ ಕರೆದ. ಇಬ್ಬರೂ ತುಟಿ ಕಚ್ಚಿಕೊಂಡು ಕೂತರು. ಪಾಠ ಮುಗಿದ ಮೇಲೆ ಚಂದಲೆ ಕೇಳಿದಳು.

"ದುಗ್ಗಕ್ಕ, ನಮ್ಮಪ್ಪ ನಿಜವಾಗ್ಲೂ ಬಂದು ಕರೆದ್ರೆ?"

"ಆಗಲೂ ಓ ಅನ್ನಬಾರದು ತಾಯಿ. ನಿಜ ಯಾವುದು, ಅವನದು ಯಾವುದು ಅಂತ ಗೊತ್ತಾಗಲ್ಲ."

"ನೀವು ಕರೆದ್ರೆ?"

"ನಾನು ಕರೆದರೂ ಅಷ್ಟೆ."

"ಮತ್ತೆ ನೀವು ಹುಡುಕ್ಕೊಂಡು ಬಂದಿದ್ದೀರಿ ಅಂತ ನನಗೆ ಹೇಗೆ ಗೊತ್ತಾಗ್ಬೇಕು? ನೀವು ಕೂಗ್ತಾ ಇರ್ತೀರಿ, ನಾನು ಸುಮ್ಮನೆ ಕೂತಿರ್ತೀನಿ. ಹೀಗೇ ಆದ್ರೆ ಮನೆಗೆ ಹೋಗೋದು ಯಾವಾಗ?"

ದುಗ್ಗವ್ವನಿಗೆ ಆಗ ಹೊಳೆಯಿತು. ಅವಳು ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು.

ತುಂಬೆ ತಪ್ಪು ಮಾಡಿರಲಿಲ್ಲ. ಅವ್ವ ಹೇಳಿದ್ದನ್ನು ಚಾಚೂ ತಪ್ಪದೆ ಮಾಡಿದ್ದಳು. ಮೂರು ವರ್ಷದಿಂದ ಯಾವುದೋ ಮರದ ಬುಡದಲ್ಲಿ ಕೂತು ಅವ್ವನ ಕೂಗು ಕೇಳಿಸಿಕೊಳ್ಳುತ್ತಿದ್ದಳು. ಅವ್ವ ಕೂಗಿದಷ್ಟೂ ಅವಳು ಬಾಯಿ ಬಿಗಿ ಹಿಡಿಯುತ್ತಿದ್ದಳು. ಪಾಠ ಅರ್ಧವೇ ಆಗಿತ್ತು. ಕಳೆದುಹೋದವರು ಏನು ಮಾಡಬೇಕು ಎನ್ನುವುದನ್ನು ದುಗ್ಗವ್ವ ಕಲಿಸಿದ್ದಳು; ಹುಡುಕುವವರು ಏನು ಮಾಡಬೇಕು ಎನ್ನುವುದನ್ನು ತಾನೇ ಕಲಿತಿರಲಿಲ್ಲ.

ಅವಳು ಎದ್ದು ಮಕ್ಕಳನ್ನು ಕಾಡಿನ ಹೊರಗಿನ ಗುಡ್ಡದ ಮೇಲೆ ಕೂರಿಸಿದಳು. "ನಾನು ಬರೋ ತನಕ ಯಾರೂ ಕೆಳಗೆ ಇಳಿಯಬೇಡಿ" ಎಂದಳು. ಆಮೇಲೆ ತುಟಿ ಮುಚ್ಚಿಕೊಂಡು ಕಾಡಿನೊಳಕ್ಕೆ ನಡೆದಳು. ಈ ಸಲ ಕೂಗಲಿಲ್ಲ. ಸಿಕ್ಕ ಸಿಕ್ಕ ದೊಡ್ಡ ಮರದ ಬುಡವನ್ನು ಸುತ್ತಲೂ ಕೈಯಿಂದ ತಡವಿ, ಮುಂದಿನ ಮರಕ್ಕೆ ಹೋಗುತ್ತಿದ್ದಳು.

ಕಾಡು ಕಿವಿ ನಿಮಿರಿಸಿತು. ದಿನಾ ಕೂಗುವವಳು ಇವತ್ತು ಏಕೆ ಕೂಗುತ್ತಿಲ್ಲ ಎಂದು ಕೊರಳುಗಳ್ಳನಿಗೆ ದಿಗಿಲಾಯಿತು. ಅವನು ಮೊದಲು ಮಾಚನ ದನಿಯಲ್ಲಿ ಕರೆದ.

"ದುಗ್ಗಕ್ಕಾ, ಹಾವು ಕಚ್ತು. ಕಾಲು ಊದ್ತಾ ಇದೆ. ಬೇಗ ಬಾರಕ್ಕ."

ದುಗ್ಗವ್ವನ ಕಾಲು ತಾನಾಗಿ ಆ ಕಡೆ ತಿರುಗಿತು. ಮಾಚ ತುಂಟ, ಗುಡ್ಡ ಇಳಿದು ಬಂದಿದ್ದರೂ ಬಂದಿರಬಹುದು. ಆದರೆ ಅವಳು ನಿಂತು ಯೋಚಿಸಿದಳು. ಅವನು ನನ್ನ ಶಿಷ್ಯ. ನಿನ್ನೆ ಕಿವಿ ಹಿಂಡಿಸಿಕೊಂಡ ಮೇಲೆ, ನಿಜವಾಗಿ ಕಚ್ಚಿದ್ದರೂ ಕಾಡಿನಲ್ಲಿ ಕೂಗುವವನಲ್ಲ. ಕಲಿಸಿದ್ದನ್ನು ನಾನೇ ನಂಬದಿದ್ದರೆ ಅವರು ಯಾಕೆ ನಂಬಬೇಕು? ಅವಳು ಓಗೊಡಲಿಲ್ಲ. ಮಾಚನ ದನಿ ಗಿಣಿಯ ಹಾಗೆ ಪಟಪಟನೆ ಹಾರಿಹೋಯಿತು.

ಎರಡನೆಯ ದನಿ ಬಂಡೆಯ ಕಡೆಯಿಂದ ಬಂತು.

"ದುಗ್ಗೀ, ಜೇನುತಟ್ಟಿ ಕಿತ್ತಿದೀನಿ. ಬುಟ್ಟಿ ತಗೊಂಡು ಬಾರೇ. ತುಪ್ಪ ಸೋರಿಹೋಗ್ತಿದೆ."

ಅದು ಬೈರನ ದನಿ. ಜೇನಿಗೆ ಅವನು ತುಪ್ಪ ಎನ್ನುತ್ತಿದ್ದ. ಹತ್ತು ವರ್ಷದಿಂದ ಆ ದನಿಯನ್ನು ಅವಳು ನೆನಪಿಗೆ ತಂದುಕೊಳ್ಳಲು ನೋಡಿ ಸೋತಿದ್ದಳು. ಈಗ ಅದು ಹಾಗೇ ಇತ್ತು, ಕೊನೆಯಲ್ಲಿ ನಗು ಬೆರೆಸಿಕೊಂಡು. ಇಲ್ಲಿ ಒಂದು ಮಾತು ನೆನಪಿಟ್ಟುಕೊಳ್ಳಬೇಕು. ಬೈರ ಸತ್ತವನು, ಮತ್ತೆ ಬಂದು ಕಾಡಿನಲ್ಲಿ ಕೂಗಲಾರ. ದುಗ್ಗವ್ವ ಓಗೊಡದಿದ್ದರೆ ಆ ದನಿ ಇನ್ನು ಎಲ್ಲಿಯೂ ಇರುವುದಿಲ್ಲ.

"ದುಗ್ಗೀ, ಕೇಳಿಸ್ತೇನೇ?"

ಕೇಳಿಸಿತು. ಅವಳು ಸೆರಗನ್ನು ಬಾಯೊಳಗೆ ತುರುಕಿಕೊಂಡು ಹತ್ತಿರದ ಮರ ಹಿಡಿದು ನಿಂತಳು. ದನಿ ಇನ್ನೊಂದು ಸಲ ಕರೆಯಿತು, ಸ್ವಲ್ಪ ಹೊತ್ತು ಕಾಯಿತು. ಆಮೇಲೆ ಎಲೆಗಳ ನಡುವಿನಿಂದ ಮೇಲೆ ಮೇಲೆ ಹೋಗಿ ಇಲ್ಲವಾಯಿತು.

ಕೊರಳುಗಳ್ಳನಿಗೆ ಈಗ ಸಿಟ್ಟು ಬಂತು. ತುಂಬೆಯ ದನಿಯಲ್ಲಿ ಕರೆಯೋಣವೆಂದರೆ ಅದು ಅವನ ಬಳಿ ಇರಲಿಲ್ಲ, ಯಾಕೆಂದರೆ ತುಂಬೆ ಕಾಡಿನಲ್ಲಿ ಒಮ್ಮೆಯೂ ಕೂಗಿರಲಿಲ್ಲ. ಅವನ ಬಳಿ ಇನ್ನು ಉಳಿದದ್ದು ಒಂದೇ ದೊಡ್ಡ ಗಂಟು, ದುಗ್ಗವ್ವನದೇ ದನಿ. ಮೂರು ವರ್ಷದಿಂದ ಸಂಜೆ ಸಂಜೆ ಅವಳೇ ತಂದು ತುಂಬಿದ್ದು. ಮಗಳಾದರೂ ಓಗೊಟ್ಟಾಳು ಎಂದು ಅದನ್ನೆಲ್ಲ ಅವನು ಒಟ್ಟಿಗೇ ಹೊರಕ್ಕೆ ಬಿಟ್ಟ.

"ತುಂಬೇ... ಬಾರೇ ಮಗಾ... ನಾನು ಕಣೇ, ನಿಮ್ಮವ್ವ... ಒಂದ್ಸಲ ಓ ಅನ್ನೇ..."

ಮರಮರದಿಂದ, ಬಂಡೆಬಂಡೆಯಿಂದ ಅವಳದೇ ದನಿ ಬಂತು. ಮೊದಲ ವರ್ಷದ ಗಟ್ಟಿ ದನಿ, ಮಳೆಯಲ್ಲಿ ನೆನೆದ ದನಿ, ಜ್ವರ ಬಂದಾಗಿನ ದನಿ, ಈಚಿನ ಒಡಕು ದನಿ. ತಾನು ಕರೆದದ್ದು ಹೇಗಿತ್ತು ಎಂದು ದುಗ್ಗವ್ವ ಅಂದೇ ಮೊದಲು ಕೇಳಿದಳು. ಇದನ್ನು ಕೇಳಿಯೂ ಒಂದು ಮಗು ಸುಮ್ಮನೆ ಕೂತಿದೆಯಲ್ಲ, ಅದಕ್ಕೆ ಎಷ್ಟು ಕಷ್ಟವಾಗಿರಬೇಕು. ಅವಳು ಅಳುತ್ತಲೇ, ಸದ್ದಿಲ್ಲದೆ, ಮರ ತಡವುತ್ತಾ ನಡೆದಳು. ಯಾರೂ ಓಗೊಡಲಿಲ್ಲ. ಕರೆ ತೆಳ್ಳಗಾಯಿತು, ಇನ್ನೂ ತೆಳ್ಳಗಾಯಿತು, ನಿಂತುಹೋಯಿತು. ಟೊಳ್ಳು ಮರದಲ್ಲಿ ಗಾಳಿ ನುಗ್ಗಿದರೂ ಸದ್ದು ಬರಲಿಲ್ಲ. ಕೊರಳುಗಳ್ಳ ಬರಿದಾಗಿದ್ದ. ಕದ್ದ ದನಿಯಿಂದಲೇ ಬದುಕಿದ್ದವನು ಬರಿದಾದರೆ ಉಳಿಯುವುದು ಏನೂ ಇಲ್ಲ.

ಹಳ್ಳದ ತಿರುವಿನಲ್ಲಿ ಒಂದು ಮತ್ತಿ ಮರವಿತ್ತು. ಅದರ ಬುಡದಲ್ಲೇ ನಿಂತು ದುಗ್ಗವ್ವ ಎಷ್ಟು ಸಲ ಕೂಗಿದ್ದಳೋ. ಅದನ್ನು ತಡವಿದಾಗ ಒಂದು ಕಡೆ ತೊಗಟೆ ಬೆಚ್ಚಗಿತ್ತು.

ಆ ಕಾಡಿನ ಮರಗಳು ಹಾಗೆ. ನಂಬಿ ತಬ್ಬಿಕೊಂಡ ಮಗುವಿಗೆ ತಮ್ಮ ತೊಗಟೆಯನ್ನೇ ಕಂಬಳಿಯಂತೆ ಹೊದಿಸಿ, ತಮ್ಮ ರಸವನ್ನೇ ಉಣಿಸಿ ಕಾಯುತ್ತವೆ. ಆದರೆ ಮರಕ್ಕೆ ಬೆಳೆಯುವುದು ಗೊತ್ತು, ನಿಲ್ಲಿಸುವುದು ಗೊತ್ತಿಲ್ಲ. ತೊಗಟೆ ತುಂಬೆಯ ಗಲ್ಲದ ತನಕ ಬಂದಿತ್ತು. ಇನ್ನೊಂದು ಮಳೆಗಾಲ ಕಳೆದಿದ್ದರೆ ಕೂಡಿಕೊಂಡುಬಿಡುತ್ತಿತ್ತು.

ದುಗ್ಗವ್ವ ಮಾತಾಡಲಿಲ್ಲ. ಮಗಳ ಕೆನ್ನೆಯ ಮೇಲೆ ಕೈ ಇಟ್ಟಳು.

ಮಗು ಕಣ್ಣು ತೆರೆಯದೆ ಪಿಸುಗುಟ್ಟಿತು. "ಮಾತಾಡಬೇಡ. ಮಾತಾಡಿದ್ರೆ ನೀನು ಯಾರು ಅಂತ ಗೊತ್ತಾಗಲ್ಲ."

ತೊಗಟೆಯೊಳಗಿಂದ ಒಂದು ಪುಟ್ಟ ಕೈ ಹೊರಗೆ ಬಂತು. ಅದು ದುಗ್ಗವ್ವನ ಹಣೆ ಮುಟ್ಟಿತು, ಮೂಗು ಮುಟ್ಟಿತು, ಒದ್ದೆಯಾದ ಕೆನ್ನೆ ಮುಟ್ಟಿತು, ಕಿವಿ ಹಿಡಿದು ನೋಡಿತು. ಆಮೇಲೆ ತುಂಬೆ ಕಣ್ಣು ತೆರೆದಳು. ಮತ್ತಿ ಮರ ಉಸಿರು ಬಿಟ್ಟಂತೆ ಸಡಿಲವಾಯಿತು.

"ದಿನಾ ಕೇಳಿಸ್ತಿತ್ತವ್ವ" ಎಂದಳು ತುಂಬೆ. "ನೀನೇ ಅಂತ ಅನ್ನಿಸ್ತಿತ್ತು. ಆದ್ರೆ ನೀನೇ ಹೇಳಿದ್ದೆಯಲ್ಲ."

"ಹೇಳಿದ್ದೆ ಮಗಾ."

"ನಾನು ಒಂದ್ಸಲಾನೂ ಓ ಅನ್ನಲಿಲ್ಲ."

"ಅನ್ನಲಿಲ್ಲ ಕಣೇ. ಜಾಣೆ ನೀನು."

ತುಂಬೆ ಅವ್ವನ ತಲೆ ನೋಡಿದಳು. "ಇದೇನವ್ವ, ಕೂದಲಿಗೆ ಬೂದಿ ಹತ್ತಿದೆ" ಎಂದು ಅಂಗೈಯಿಂದ ಒರೆಸಿದಳು. ಅದು ಬೂದಿಯಲ್ಲ, ಹೋಗಲಿಲ್ಲ. ಮರದೊಳಗೆ ಹೊತ್ತು ನಿಂತಿತ್ತು, ಹೊರಗೆ ನಿಂತಿರಲಿಲ್ಲ. ತುಂಬೆಗೆ ಇನ್ನೂ ಏಳೇ ವರ್ಷ.

ಇಬ್ಬರೂ ಗುಡ್ಡದ ಕಡೆ ನಡೆದರು. ದಾರಿಯುದ್ದಕ್ಕೂ ಕೊಂಬೆಗಳಿಂದ ಕಾಡುಪಾಪಗಳು ನಿಧಾನವಾಗಿ ಕೆಳಗೆ ಇಳಿದವು. ನೆಲ ಮುಟ್ಟಿದೊಡನೆ ಮಕ್ಕಳಾದವು. ಕೊರಳು ಬಂದ ಸಂತೋಷಕ್ಕೆ ಎಲ್ಲವೂ ಒಟ್ಟಿಗೇ ಅಳತೊಡಗಿದವು. ಗುಡ್ಡದ ಮೇಲೆ ಮಾಚ ಹಗ್ಗದ ಒಂದು ತುದಿ ಹಿಡಿದು, ಚಂದಲೆ ಇನ್ನೊಂದು ತುದಿ ಹಿಡಿದು, ಹೇಳಿದ ಜಾಗದಲ್ಲೇ ಕೂತಿದ್ದರು.

"ಅಕ್ಕ, ನಾನು ಇಳಿಯಲೇ ಇಲ್ಲ" ಎಂದ ಮಾಚ.

"ಇಳಿಯೋಕೆ ಹೋಗಿದ್ದ. ಹಗ್ಗ ನಾನು ಎಳೆದೆ" ಎಂದಳು ಚಂದಲೆ.

ಟೊಳ್ಳು ಮತ್ತೆ ತುಂಬಿಕೊಳ್ಳದಿರಲಿ ಎಂದು ಆಮೇಲೆ ದುಗ್ಗವ್ವನ ಪಾಠಕ್ಕೆ ದೊಡ್ಡವರೂ ಬರಬೇಕಾಯಿತು. ರಾಜನೇ ಬಂದು ಕೂತು, ಕಾಡಿನಲ್ಲಿ ಕೂಗದೆ ಹುಡುಕುವುದು ಹೇಗೆ, ಮುಟ್ಟಿ ಗುರುತು ಹಿಡಿಯುವುದು ಹೇಗೆ ಎಂದು ಕಲಿತ. ತುಂಬೆಯ ಓರಗೆಯವರೆಲ್ಲ ಅವಳಿಗಿಂತ ಗೇಣುದ್ದ ಎತ್ತರವಾಗಿದ್ದರು. ಅವಳು ಅವರ ತಮ್ಮ ತಂಗಿಯರ ಜೊತೆ ಆಡಿದಳು. ಒಂದು ದಿನ ಅವಳು "ಅಪ್ಪನ ದನಿ ಹೇಗಿತ್ತವ್ವ?" ಎಂದು ಕೇಳಿದಾಗ ದುಗ್ಗವ್ವ ಗಂಟಲು ದಪ್ಪ ಮಾಡಿಕೊಂಡು "ದುಗ್ಗೀ" ಎಂದು ಆಡಿ ತೋರಿಸಲು ನೋಡಿದಳು. ಅದು ಸ್ವಲ್ಪವೂ ಹಾಗಿರಲಿಲ್ಲ. ತುಂಬೆ ಬಿದ್ದು ಬಿದ್ದು ನಕ್ಕಳು. ದುಗ್ಗವ್ವನೂ ಬಂಡೆಯ ಕಡೆ ನೋಡುತ್ತಾ ನಕ್ಕಳು.

ಹೊನ್ನೇರಿಯಲ್ಲಿ ಎಲ್ಲರ ಮನೆಯ ಎಲ್ಲ ಮಕ್ಕಳೂ ಮನೆ ಸೇರಿದರು. ಕಾಡು ಹಣ್ಣು ಕೊಟ್ಟಿತು, ಹಳ್ಳ ನೀರು ಕೊಟ್ಟಿತು, ಜನ ಹೊಟ್ಟೆ ತುಂಬ ಉಂಡು ಕಣ್ಣು ತುಂಬ ನಿದ್ದೆ ಮಾಡಿದರು. ಸಂಜೆಯಾದರೆ ಮನೆಮನೆಯಿಂದಲೂ ತಾಯಂದಿರು ಊಟಕ್ಕೆ ಬನ್ನಿ ಎಂದು ಬಾಯಿ ತುಂಬ ಕೂಗುತ್ತಿದ್ದರು. ಎಲ್ಲ ಊರಿನ ಹಾಗೆ ಅಲ್ಲಿಯೂ ಮೊದಲ ಕರೆಗೆ ಬರುವ ಮಗು ಒಂದೂ ಇರಲಿಲ್ಲ. ದುಗ್ಗವ್ವ ಮಾತ್ರ ಕೂಗುತ್ತಿರಲಿಲ್ಲ. ಒಲೆಯ ಮುಂದಿನಿಂದ ಎದ್ದು, ಬೀದಿಯ ತನಕ ನಡೆದು ಹೋಗಿ, ಆಡುತ್ತಿದ್ದ ಮಗಳ ಭುಜ ಮುಟ್ಟುತ್ತಿದ್ದಳು.