ಸಾವಂತ್ರಿಯ ಗಂಟು

೧೯೩೯ರ ಬೇಸಿಗೆ ರಜೆಯಲ್ಲಿ ಕಾಲೇಜಿನ ನಾವು ನಾಲ್ವರು ಗೆಳತಿಯರು ಉಬ್ರಾಣಿಯ ಗುಡ್ಡ ಹತ್ತಲು ಹೊರಟಿದ್ದೆವು. ಹಿಂದಿನ ದಿನ ಮಧ್ಯಾಹ್ನ, ದಾರಿ ತೋರಿಸಲು ಒಪ್ಪಿದ್ದ ದಾಸಪ್ಪನವರ ಜಗಲಿಯಲ್ಲಿ ಕೂತು ಗಂಟು ಕಟ್ಟಿದೆವು. ಅವರ ಹೆಂಡತಿ ಗಿಡ್ಡಮ್ಮ, ಯಾರೂ ಕೇಳದಿದ್ದರೂ, ಪ್ರತಿ ಗಂಟಿಗೂ ಬಿಸಿ ರೊಟ್ಟಿಯ ಜೊತೆ ಒಂದು ತುಂಡು ಬೆಲ್ಲ ಸೇರಿಸಿದರು.

ಗುಡ್ಡಕ್ಕೆ ಹೊರಡುವವರ ಗಂಟನ್ನು ದಾಸಪ್ಪನವರು ಒಂದೇ ಕೈಯಲ್ಲಿ ಎತ್ತಿ ನೋಡುತ್ತಿದ್ದರು. ನಮ್ಮಲ್ಲೊಬ್ಬಳಾದ ಸಾವಂತ್ರಿಯದು ಮೇಲೇಳಲಿಲ್ಲ. ಎರಡೂ ಕೈ ಹಾಕಿದರು.

"ಏನ್ರವ್ವಾ, ಬೀಸೋ ಕಲ್ಲು ಕಟ್ಟೀರೇನು?"

ನಾವು ನಕ್ಕು ಬಿಚ್ಚಿದೆವು. ಒಂದು ಸೀರೆ, ಕಂಬಳಿ, ರೊಟ್ಟಿ, ಬೆಲ್ಲ. ಆಗಷ್ಟೇ ಒಲೆಯಿಂದ ತೆಗೆದ ರೊಟ್ಟಿ ಬಾವಿ ನೀರಿನಂತೆ ತಣ್ಣಗಿತ್ತು. ಮತ್ತೆ ಕಟ್ಟಿದರೂ ಗಂಟು ನೆಲ ಬಿಡಲಿಲ್ಲ.

"ಈಯಮ್ಮ ಬರಾದು ಬ್ಯಾಡ," ಎಂದರು ದಾಸಪ್ಪನವರು.

ಸಾವಂತ್ರಿ ಅಳತೊಡಗಿದಳು. "ಮುಂದಿನ ತಿಂಗಳು ನನ್ನ ಮದುವೆ ಐತೆ. ಆಮೇಲೆ ಗುಡ್ಡ ಹತ್ತಾಕೆ ಯಾರು ಬಿಡ್ತಾರೆ?"

ನನ್ನ ಗಂಟನ್ನು ಅವಳ ಹೆಗಲಿಗೆ ಹಾಕಿದೆ. "ಇದು ಹಗುರ ಐತಲ್ಲ, ಇವಳನ್ನ ಕರ್ಕೊಂಡು ಹೋಗ್ರಿ. ನಾನು ಉಳೀತೀನಿ."

"ಗಂಟು ಬದಲಾದ್ರೆ ಆತೇನ್ರವ್ವಾ?"

ಓದಿದವಳೆಂಬ ಜೋರಿನಲ್ಲಿ ವಾದಿಸಿ ಅವರನ್ನು ಒಪ್ಪಿಸಿದೆ. ದೊಡ್ಡ ಉಪಕಾರ ಮಾಡಿದೆನೆಂದುಕೊಂಡೆ.

ಮರುದಿನ ಸಂಜೆ ಇಬ್ಬರು ಗೆಳತಿಯರು ನಡೆದು ಇಳಿದರು. ಬಂಡೆಯಿಂದ ಜಾರಿ ಸತ್ತ ಸಾವಂತ್ರಿಯನ್ನು ದಾಸಪ್ಪನವರು ಹೊತ್ತು ತಂದರು.

ಜಗಲಿಯಲ್ಲಿ ಉಳಿದಿದ್ದ ಅವಳ ಗಂಟನ್ನು ಹೊನ್ನಾಳಿಯಲ್ಲಿದ್ದ ಅವಳ ತಾಯಿಗೆ ನಾನೇ ಮುಟ್ಟಿಸಿದೆ. ಬಸ್ಸಿಳಿದು ಎರಡು ಮೈಲಿ ನಡೆದೆ. ಒಮ್ಮೆಯೂ ಕೈ ಬದಲಿಸಬೇಕಾಗಲಿಲ್ಲ.