ಬಾವಿಗೆ ಕಾವಲು

"ಬಾವಿ ಹತ್ರ ಮಿಲಿಟರಿ ಇದೆ ಅಂತ ನೀನೇ ಹೇಳಿದ್ದೆ ರಿಸ್ಸಾ. ಈಗ ಅಲ್ಲಿಗೇ ಗಾಡಿ ಹೊಡೀತಿದ್ದೀಯಲ್ಲ?"

ಪಕ್ಕದ ಸೀಟಿನಿಂದ ಇಸಾತು ಕೇಳಿದಳು. ತೊಡೆಯ ಮೇಲೆ ಅವಳ ತಮ್ಮ ಲಾಮಿನ್‌ನ ತಲೆ. ನೀರಿಲ್ಲದೆ ಅವನ ತುಟಿ ಒಡೆದಿತ್ತು. ಬೆವರೂ ನಿಂತಿತ್ತು... ಅಂದರೆ ಹೆಚ್ಚು ಹೊತ್ತಿಲ್ಲ.

ಪಿಕಪ್ಪಿನ ಹಿಂದೆ ಇನ್ನೂ ಇಪ್ಪತ್ತು ಚಿಲ್ಲರೆ ಜನ. ಬೆಳಗ್ಗೆ ಗಸ್ತಿನವರು ಬೆನ್ನಟ್ಟಿದ್ದರು. ಮರಳುದಿಬ್ಬ ಹಾರಿಸಿ ತಪ್ಪಿಸಿಕೊಂಡೆ. ಗುಂಡು ಮಾತ್ರ ತಪ್ಪಲಿಲ್ಲ.

ನೀರಿನ ಡ್ರಮ್ಮುಗಳಿಗೆ ಬಿತ್ತು.

ಕೇಳಿ. ಒಂದು ಕಾಲಕ್ಕೆ ನಮ್ಮೂರು ಅಗಾದೆಸ್‌ನಿಂದ ಮರುಭೂಮಿ ದಾಟಿಸಿ ಲಿಬಿಯಾಕ್ಕೆ ಜನರನ್ನು ಒಯ್ಯುವುದು ಬಸ್ ಓಡಿಸಿದ ಹಾಗೆ. ಸೈನ್ಯವೇ ಜೊತೆಗೆ ಬರುತ್ತಿತ್ತು. ಆಮೇಲೆ ಅಲ್ಲಿಂದ ಕಡಲು ದಾಟಿ ಬರುವ ಜನ ಯುರೋಪಿನವರಿಗೆ ಬೇಡವಾದರು, ನಮ್ಮ ನೈಜರ್‌ನಲ್ಲಿ ಕಾನೂನಾಯಿತು, ನಾನು ಕಳ್ಳನಾದೆ. ಬಾವಿಗಳಿಗೆ ಕಾವಲು ಬಂತು. ನಾವು ಬಾವಿಯಿಲ್ಲದ ದಾರಿ ಹಿಡಿದೆವು. ಕಸುಬು ಬಿಟ್ಟವರಿಗೆ ನೆರವು ಅಂತ ಯುರೋಪಿನ ನೀಲಿ ಬಾವುಟ ಅಂಟಿಸಿದ ಕರೆಂಟಿನ ಹೊಲಿಗೆ ಮೆಷಿನ್ ಒಂದನ್ನು ನನಗೆ ಕೊಟ್ಟರು. ನಮ್ಮ ಬೀದಿಗೆ ಕರೆಂಟಿಲ್ಲ.

ಇಸಾತು ಗ್ಯಾಂಬಿಯಾದಲ್ಲಿ ಕೋಳಿ ಸಾಕಿದ್ದವಳು. ಯುರೋಪಿನಿಂದ ಐಸಿನಲ್ಲಿಟ್ಟ ಕೋಳಿಕಾಲು ಹಡಗಿನಲ್ಲಿ ಅಗ್ಗಕ್ಕೆ ಬಂದಿಳಿದ ಮೇಲೆ ಅವಳ ಕೋಳಿಯನ್ನು ಕೇಳುವವರಿಲ್ಲ. ಆ ಕೋಳಿ ಎಲ್ಲಿಂದ ಬಂತೋ ಅಲ್ಲಿಗೇ ಹೋಗ್ತೀನಿ ಅಂತ ಹೊರಟಿದ್ದಳು.

ಬಾವಿ ಕಂಡಿತು. ಜೀಪು. ಮೆಷಿನ್ ಗನ್ ನನ್ನತ್ತ ತಿರುಗಿತು.

ಇಳಿದೆ. ಕೈ ಮೇಲೆತ್ತಿದೆ.

"ಇನ್ನೊಂದ್ ಹೆಜ್ಜೆ ಇಟ್ರೆ ಸುಡ್ತೀನಿ" ಅಂದ ಸಾರ್ಜೆಂಟ್.

ಮಾತಿನ ಧಾಟಿಯಲ್ಲೇ ತಿಳಿಯಿತು... ಜೆರ್ಮಾ ಕುಲದವನು. ನಾನು ತುವಾರೆಗ್. ನಮ್ಮೆರಡು ಕುಲಕ್ಕೆ ತಮಾಷೆಯ ನಂಟು. ಎಷ್ಟು ಬೈದರೂ ಸಿಟ್ಟಾಗುವಂತಿಲ್ಲ, ಕೈ ಎತ್ತುವಂತಿಲ್ಲ. ಮದುವೆ ಮನೆಯಲ್ಲಿ ನಡೆಯುವ ಆಟ. ಮೆಷಿನ್ ಗನ್ ಮುಂದೆ ಆಡಿ ನೋಡಿದವರಿರಲಿಲ್ಲ.

"ಲೋ ಗುಲಾಮ, ಯಜಮಾನ ಬಂದಿದ್ದಾನೆ. ನೀರು ಸೇದೋ."

ಟ್ರಿಗರ್ ಮೇಲಿನ ಬೆರಳು ಅಲ್ಲೇ ಇತ್ತು.

"ನಮ್ಮಜ್ಜ ನಿಮ್ಮಜ್ಜನ್ನ ಒಂದು ಹಿಡಿ ಉಪ್ಪಿಗೆ ಮಾರಿದ್ದ" ಅಂದ ಕೊನೆಗೆ. "ಕೊಂಡವನು ಮಾರನೇ ದಿನಾನೇ ವಾಪಸ್ ತಂದುಬಿಟ್ಟ."

ಗನ್ ಕೆಳಗಾಯಿತು. ಚರ್ಮದ ಚೀಲ ಬಾವಿಗಿಳಿಯಿತು. ಮೊದಲ ಗುಟುಕು ಲಾಮಿನ್ ಬಾಯಿಗೆ. ಒಳಗಿಳಿಯಲಿಲ್ಲ... ಆಮೇಲೆ ಕೆಮ್ಮಿದ. ಇಸಾತು ಮುಖ ಮುಚ್ಚಿಕೊಂಡು ಅತ್ತಳು.

ಎಲ್ಲರೂ ಕುಡಿದ ಮೇಲೆ ಸಾರ್ಜೆಂಟ್ ಹತ್ತಿರ ಬಂದ. ವೈರ್‌ಲೆಸ್‌ನಲ್ಲಿ ಸುದ್ದಿ ಹೋಗಿಯಾಗಿದೆ, ಬಿಡುವ ಹಾಗಿಲ್ಲ ಅಂದ. ಗಾಡಿ ಜಪ್ತಿ. ನನಗೆ ಜೈಲು. ಇವರೆಲ್ಲ ಬಂದ ದಾರಿಗೆ ವಾಪಸ್.

"ನೀರಿಗೆ ಬಂದವನ್ನ ಹಿಡೀತೀಯೇನೋ, ಗುಲಾಮ?"

"ಅದಕ್ಕೇ ಅಲ್ವಾ ಯಜಮಾನ, ನನ್ನನ್ನ ನೀರಿನ ಹತ್ರ ಕೂರಿಸಿರೋದು."

ಜೇಬಿನಿಂದ ಬೇಡಿ ತೆಗೆದ. ಹೊಚ್ಚ ಹೊಸದು. ನಕ್ಷತ್ರಗಳಿದ್ದ ನೀಲಿ ಕವರನ್ನು ಹಲ್ಲಿನಿಂದ ಹರಿದು ನನ್ನ ಕೈಗೆ ಹಾಕಿದ.

ಯುರೋಪಿನಿಂದ ಬಂದದ್ದರಲ್ಲಿ ನನ್ನ ಅಳತೆಗೆ ಸರಿಯಾಗಿ ಕೂತದ್ದು ಅದೊಂದೇ.