ಬೂಟ್‌ಸ್ಟ್ರಾಪ್ ಮತ್ತು ಅಜ್ಜಿಯ ಗಂಟುಗಳು

“ನೋಡವ್ವ, ಈ ನೀಲಿ ಗೆರೆ ಬೂಟ್‌ಸ್ಟ್ರಾಪು. ಬೆಟ್ಟದಂಗೆ ಮೇಲಕ್ಕೋಗೈತೆ. ಈ ಕೆಂಪು ಗೆರೆ ನಿನ್ನ ಅಂಗಡಿ. ಮಲ್ಕೊಂಡೈತೆ!”

ಜನ ನೆಟ್ಟಿನಲ್ಲಿ ಏನನ್ನು ಎಷ್ಟು ಹುಡುಕುತ್ತಾರೆಂದು ತೋರಿಸುವ ಗ್ರಾಫ್ ತೆರೆದು ಗೋವಿಂದರಾಜ್ ಮಾಮ ಫೋನನ್ನು ಕಾಳಿಯಮ್ಮಜ್ಜಿಯ ಮೂಗಿನ ಹತ್ತಿರ ಹಿಡಿದಿದ್ದ. ಅಜ್ಜಿ ತಲೆ ಹಿಂದಕ್ಕೆ ಎಳೆದುಕೊಂಡು, ಕಣ್ಣು ಕಿರಿದು ಮಾಡಿ ನೋಡಿದಳು.

“ಬೂಟ್ ಪಟ್ಟೀನಾ? ಬೂಟ್ ಬುಟ್ಟು ಬರೀ ಪಟ್ಟಿ ಯಾಕಂತೆ ಜನಕ್ಕೆ?”

“ಅಯ್ಯೋ, ಬೂಟಲ್ಲವ್ವ! ವೆಬ್‌ಸೈಟ್ ಚೆಂದ ಕಾಣಂಗೆ ಮಾಡೋ ಸಾಮಾನು. ಬಟನ್ನು, ಬಣ್ಣ, ಎಲ್ಲಾ ರೆಡಿ ಇರ್ತೈತೆ. ನೆಟ್ಟಲ್ಲಿ ಲೋಕವೆಲ್ಲ ಅದನ್ನೇ ಉಡುಕ್ತೈತೆ. ಲಗೇಜ್ ಮಡಗೋ ಜಾಗನ ಒಬ್ರೂ ಉಡುಕಲ್ಲ.”

ಮಾಮ ಸೇಲಂನಲ್ಲಿ ಕಂಪ್ಯೂಟರ್ ಕೋರ್ಸ್ ಮುಗಿಸಿ ಈಗಷ್ಟೇ ಬಂದಿದ್ದ. ಬಂದಾಗಿನಿಂದ ಮನೆಯಲ್ಲಿದ್ದದ್ದನ್ನೆಲ್ಲ ನೆಟ್ಟಿನಲ್ಲಿ ಹೋಲಿಸಿ ನೋಡುವುದೇ ಅವನ ಕೆಲಸ. ರಾಗಿಮುದ್ದೆ ನೂಡಲ್ಸಿನ ಮುಂದೆ ಸೋತಿತ್ತು. ಮನೆಯ ಮೇಕೆ ಎಲ್ಲಿಯದೋ ಪಾಂಡಾದ ಮುಂದೆ ಸೋತಿತ್ತು. ಈಗ ಅಜ್ಜಿಯ ಸರದಿ.

ತಮಿಳು ಸೀಮೆಯ ಮೆಟ್ಟೂರಿನ ಹೊಳೆದಂಡೆಯಲ್ಲಿ ಅಜ್ಜಿಗೊಂದು ತಗಡಿನ ಶೆಡ್ ಇತ್ತು. ಸ್ನಾನಕ್ಕೆ ಬಂದವರು ಗಂಟು, ಬ್ಯಾಗು ಅಲ್ಲಿಟ್ಟು ನೀರಿಗಿಳಿಯುತ್ತಿದ್ದರು. ಟೋಕನ್ ಗೀಕನ್ ಇರಲಿಲ್ಲ. ಅಜ್ಜಿ ಹಳೆ ಸೀರೆಯಿಂದ ಒಂದು ಪಟ್ಟಿ ಹರಿದು, ಎರಡು ತುಂಡು ಮಾಡಿ, ಒಂದನ್ನು ಬ್ಯಾಗಿಗೂ ಇನ್ನೊಂದನ್ನು ಬ್ಯಾಗಿನವರ ಕೈಗೂ ಕಟ್ಟಿಸುತ್ತಿದ್ದಳು. ತುಂಡಿಗೆ ತುಂಡು ಕೂಡಿದರೆ ಬ್ಯಾಗು ವಾಪಸ್. ಕಟ್ಟುವ ಕೆಲಸ ಮೊಮ್ಮಗಳು ಶಿವಲಕ್ಷ್ಮಿಯದು. ಸ್ಕೂಲು ಬಿಟ್ಟ ಕೂಡಲೇ ಅವಳು ಓಡಿ ಬರುತ್ತಿದ್ದುದು ಮನೆಗಲ್ಲ, ಈ ಶೆಡ್ಡಿಗೆ.

“ಸಂಡೇಯಿಂದ ಈ ಶೆಡ್ಡು ಬೂಟ್‌ಸ್ಟ್ರಾಪ್ ಕಲ್ಸೋ ನನ್ನ ಕೋಚಿಂಗ್ ಸೆಂಟರು,” ಎಂದ ಮಾಮ. “ನೀನು ಮನೇಲಿ ರೆಸ್ಟ್ ತಕ್ಕೊಳವ್ವ.”

ಶಿವಲಕ್ಷ್ಮಿಗೆ ಅಳು ಒತ್ತರಿಸಿ ಬಂತು. “ಮಾಮ, ನೀನು ಸರಿಯಾಗಿ ಕೇಳಿಲ್ಲ. ಕೊಡಿಲ್ಲಿ!” ಎಂದು ಫೋನು ಕಸಿದುಕೊಂಡು, ಅಜ್ಜಿ ಹೇಳುವ ಹಾಗೆಯೇ ಜೋರಾಗಿ ಹೇಳಿದಳು: “ಗಂಟು ಮಡಗೋ ಜಾಗ!”

ಆ ಫೋನಿಗೆ ಗೊತ್ತಿದ್ದದ್ದು ತಮಿಳು. ‘ಮಡಗು’ ಅದಕ್ಕೆ ‘ಮಡಕ್ಕು’ ಎಂದು ಕೇಳಿಸಿತು, ಅಂದರೆ ಮಡಚು. ಶರ್ಟು ಮಡಚುವುದು ಹೇಗೆಂದು ತೋರಿಸುವ ವಿಡಿಯೋಗಳು ಸಾಲುಗಟ್ಟಿ ಬಂದವು. ಮಾಮ ಹೊಟ್ಟೆ ಹಿಡಿದುಕೊಂಡು ನಕ್ಕ.

ಅಜ್ಜಿ ನಗಲಿಲ್ಲ. “ಅಂಗಾದ್ರೆ ನಾನು ಯಾರ್ಗೂ ಬ್ಯಾಡ್ವಾ?” ಎಂದು ಮೆಲ್ಲಗೆ ಕೇಳಿದಳು. ಹರಿದ ಸೀರೆಯನ್ನು ಸುತ್ತಿ ಕಂಕುಳಲ್ಲಿಟ್ಟುಕೊಂಡು ಮನೆಗೆ ಹೊರಟಳು. ಶಿವಲಕ್ಷ್ಮಿಗೆ ಆ ಫೋನನ್ನು ಹೊಳೆಗೆ ಎಸೆಯಬೇಕು ಅನ್ನಿಸಿತು.

ಭಾನುವಾರ ಶೆಡ್ಡಿನ ಮುಂದೆ ಉದ್ದನೆಯ ಬಟ್ಟೆ ಬ್ಯಾನರ್ ಏರಿತು. ಅದರ ಮೇಲೆ ಇಂಗ್ಲಿಷಿನಲ್ಲಿ, ಆಳೆತ್ತರದ ಅಕ್ಷರಗಳಲ್ಲಿ ‘ಬೂಟ್‌ಸ್ಟ್ರಾಪ್’. ಮಾಮ ಇನ್‌ಶರ್ಟ್ ಮಾಡಿ, ಲ್ಯಾಪ್‌ಟಾಪ್ ತೆರೆದು ಕೂತ. ಶಿವಲಕ್ಷ್ಮಿ ಮುಖ ಊದಿಸಿಕೊಂಡು ಮೂಲೆಯಲ್ಲಿ ನಿಂತಳು.

ಬಸ್ಸುಗಳು ಬಂದವು. ಜನ ಇಳಿದು ನೇರವಾಗಿ ಶೆಡ್ಡಿಗೇ ಬಂದರು.

“ನೋಡ್ದಾ ಶಿವು, ಡಿಮ್ಯಾಂಡು!” ಮಾಮ ಎದ್ದು ನಿಂತ.

ಮುಂದಿದ್ದವರು ಕಾರಿಮಂಗಲದ ಪಳನಿಯಪ್ಪನ್. ಬ್ಯಾನರ್ ಓದಿ ತಲೆಯಾಡಿಸಿದರು. ಕಾಲಿನ ಬೂಟು ಬಿಚ್ಚಿ ಲ್ಯಾಪ್‌ಟಾಪಿನ ಪಕ್ಕದಲ್ಲಿಟ್ಟರು. “ಬೂಟ್ಸುಂ ವೆಚ್ಚುಕ್ಕುವೀಂಗಳಾ? ನಲ್ಲದು!” ಎಂದು, ಬೂಟನ್ನೂ ಕಾಯುವ ಅಂಗಡಿ ಸಿಕ್ಕ ಖುಷಿಯಲ್ಲಿ ಹಳದಿ ಬಟ್ಟೆಚೀಲವನ್ನೂ ಇಟ್ಟು ಹೊಳೆಗಿಳಿದರು.

ಹಿಂದಿನವರೂ ಹಾಗೇ ಮಾಡಿದರು. ಎಲ್ಲರದೂ ಜವಳಿ ಅಂಗಡಿ ಕೊಟ್ಟ ಹಳದಿ ಚೀಲವೇ. “ಇದು ಕ್ಲಾಸು! ಕ್ಲಾಸು!” ಎಂದು ಮಾಮ ಕೂಗುತ್ತಿದ್ದ. “ಸರಿ ಸಾರ್, ಸರಿ ಸಾರ್,” ಎಂದು ಅವರು ಇಟ್ಟು ಹೋಗುತ್ತಿದ್ದರು. ಚೀಲಗಳ ಹಿಂದೆ ಲ್ಯಾಪ್‌ಟಾಪ್ ಕಾಣದಾಯಿತು.

ಪಳನಿಯಪ್ಪನ್ ಒದ್ದೆ ಟವೆಲಿನಲ್ಲಿ ನಡುಗುತ್ತ ಹಿಂತಿರುಗಿದರು. ಮಾಮ ಕೊಟ್ಟ ಚೀಲದಿಂದ ಲಂಗ ಹೊರಬಂತು. ಇನ್ನೊಂದರಿಂದ ಮಗುವಿನ ಚಡ್ಡಿ.

“ಎನ್ ವೇಟ್ಟಿ ಎಂಗೆಪ್ಪಾ?” ಎಂದು ಅವರು ತಮ್ಮ ಪಂಚೆಗಾಗಿ ಗುಡುಗಿದರು.

ಮಾಮ ಬೆವರಿಹೋದ. “ಶಿವು, ಓಗಿ ಅವ್ವನ್ನ ಕರ್ಕೊಂಡ್ ಬಾರೇ!”

ಅವನು ಹೇಳಿ ಮುಗಿಸುವ ಮೊದಲೇ ಶಿವಲಕ್ಷ್ಮಿ ಬೀದಿಯಲ್ಲಿದ್ದಳು.

ಅಜ್ಜಿ ಬಂದಳು, ಎಲ್ಲರನ್ನೂ ಬೈದು ಕೂರಿಸಿದಳು, ಒಂದೊಂದೇ ಚೀಲ ಬಿಚ್ಚಿಸಿದಳು. ಕೊನೆಗೂ ಪಂಚೆ ಸಿಕ್ಕಿತು. ಅಷ್ಟರಲ್ಲಿ ಇನ್ನೊಂದು ಬಸ್ಸು ಬಂದಿತ್ತು.

“ಆತುರ್ದಲ್ಲಿ ಸೀರೆ ಮನೇಲೇ ಬುಟ್ ಬಂದೆನಲ್ಲೋ,” ಎಂದು ಅಜ್ಜಿ ಪೇಚಾಡಿದಳು.

ಮಾಮ ಸಾಲು ನೋಡಿದ. ಬ್ಯಾನರ್ ನೋಡಿದ. ಬೆಂಚು ಹತ್ತಿ ತಾನೇ ಅದನ್ನು ಬಿಚ್ಚಿ ತಂದು ಅಜ್ಜಿಯ ಮುಂದೆ ಹಿಡಿದ.

“ಇದನ್ನ ಅರಿಯವ್ವ,” ಎಂದ.

ಪರ್ ಎಂದು ಬ್ಯಾನರ್ ಹರಿಯಿತು. ಶಿವಲಕ್ಷ್ಮಿ ಕಟ್ಟಿದ್ದೇ ಕಟ್ಟಿದ್ದು. ಅರ್ಧ ‘ಬಿ’ ಚೀಲಕ್ಕೆ, ಇನ್ನರ್ಧ ಕೈಗೆ.

ಗಲಾಟೆ ತಣ್ಣಗಾದ ಮೇಲೆ ಮಾಮ ಮತ್ತೆ ಫೋನು ತೆಗೆದ. “ನೆಟ್ಟಲ್ಲಿ ಇವತ್ತೂ ಅವ್ವನ ಕೆಂಪು ಗೆರೆ ಅಂಗೇ ಮಲ್ಕೊಂಡೈತೆ. ಇಷ್ಟು ಜನ ಎಲ್ಲಿಂದ ಬಂದ್ರು ಶಿವು?”

ಶಿವಲಕ್ಷ್ಮಿ ಹೊಳೆಯ ಕಡೆ ನೋಡಿದಳು. ದೊಡ್ಡವರು, ಚಿಕ್ಕವರು ಎಲ್ಲ ನೀರೆರಚಿಕೊಂಡು ಕಿರುಚುತ್ತಿದ್ದರು. ಎತ್ತಿದ ಕೈಗಳಲ್ಲೆಲ್ಲ ಬೂಟ್‌ಸ್ಟ್ರಾಪಿನ ತುಂಡುಗಳು. ಯಾರ ಕೈಯಲ್ಲೂ ಫೋನಿರಲಿಲ್ಲ.

ಅವಳ ಬೆನ್ನ ಹಿಂದೆ ಒಂದು ಹಳದಿ ಚೀಲ ರಿಂಗಾಯಿತು. ಅದರ ಪಕ್ಕದ್ದೂ ರಿಂಗಾಯಿತು.

“ಕೂಗ್ಲಿ ಬುಡು, ಅವ್ರು ನೀರಲ್ಲಿ ಅವ್ರೆ,” ಎಂದಳು ಅಜ್ಜಿ.

ಶಿವಲಕ್ಷ್ಮಿ ಮಾಮನ ಕೈಯಿಂದ ಫೋನನ್ನು ಮೆಲ್ಲಗೆ ತೆಗೆದುಕೊಂಡಳು. ಅವನ ಬ್ಯಾಗಿಗೆ ಹಾಕಿ, ಒಂದು ಪಟ್ಟಿ ಬ್ಯಾಗಿಗೆ ಕಟ್ಟಿ, ಇನ್ನೊಂದನ್ನು ಕಟ್ಟಲು ಅವನ ಕೈಯನ್ನು ಮುಂದಕ್ಕೆ ಎಳೆದುಕೊಂಡಳು.